ಅರ್ಜಿ ಹಾಕಿದ ದಿನದಿಂದ

ಗಂಡನ ಮನೆಯಿಂದ ಮಗುವನ್ನು ಎತ್ತಿಕೊಂಡು ತಾಯಿಮನೆಗೆ ಬಂದ ಹೆಣ್ಣುಮಗಳಿಗೆ ಗಂಗೊಳ್ಳಿಯಂಥ ಕರಾವಳಿಯ ಮೀನುಗಾರರ ಊರಿನಲ್ಲಿ ಮೊದಲು ಸಿಗುವ ಸಲಹೆ, ಸ್ವಲ್ಪ ತಡೆದುಕೋ ಎಂಬುದು. ‘ಕೂಕಂಡ್ ಮಾತಾಡ್ವ, ಕೋರ್ಟಿಗ್ ಹೋಪ್ದ್ ಬ್ಯಾಡ’ ಎನ್ನುತ್ತಾರೆ ದೊಡ್ಡವರು. ಎರಡೂ ಕಡೆಯ ಹಿರಿಯರು, ಸಮಾಜದ ಮುಖಂಡರು, ಜಮಾತಿನವರು, ಚರ್ಚಿನ ಫಾದರ್, ಹೀಗೆ ಒಬ್ಬರಲ್ಲ ಒಬ್ಬರು ಮಧ್ಯೆ ನಿಲ್ಲುತ್ತಾರೆ. ಮಾತುಕತೆ ಮಳೆಗಾಲ ಕಳೆಯಲಿ, ಬೋಟು ಕಡಲಿಗಿಳಿಯಲಿ, ಹಬ್ಬ ಮುಗಿಯಲಿ, ಅವನು ದುಬೈಯಿಂದ ರಜೆಯಲ್ಲಿ ಬರಲಿ ಎಂದು ಮುಂದೆ ಮುಂದೆ ಹೋಗುತ್ತದೆ. ಇಂಥ ಮಾತುಕತೆಯಿಂದಲೇ ಉಳಿದುಕೊಂಡ ಸಂಸಾರಗಳಿವೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಕಾಯುವ ತಿಂಗಳುಗಳಲ್ಲಿ ಮಗುವಿನ ಹಾಲು, ಶಾಲೆಯ ಫೀಸು, ಜ್ವರ ಬಂದರೆ ಡಾಕ್ಟರ ಖರ್ಚು ಎಲ್ಲವೂ ಅಜ್ಜಿಯ ಮೀನಿನ ಬುಟ್ಟಿಯಿಂದಲೇ ಬರಬೇಕು. ಆ ತಿಂಗಳುಗಳ ಲೆಕ್ಕ ಇಡುವವರು ಆ ಮಾತುಕತೆಯಲ್ಲಿ ಇರುವುದಿಲ್ಲ.

ಕಾನೂನಿನಲ್ಲಿ ಈ ಲೆಕ್ಕಕ್ಕೆ ಒಂದು ಆರಂಭದ ದಿನವಿದೆ. ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಕೊಡಿಸಬೇಕು ಎಂದು ದೇಶದ ಎಲ್ಲ ನ್ಯಾಯಾಲಯಗಳಿಗೂ ಹೇಳಿತು. ಅಲ್ಲಿಯವರೆಗೆ ಕೆಲವು ಕಡೆ ಆದೇಶವಾದ ದಿನದಿಂದ, ಕೆಲವು ಕಡೆ ನೋಟಿಸು ಮುಟ್ಟಿದ ದಿನದಿಂದ ಎಂದು ಬೇರೆ ಬೇರೆ ರೂಢಿ ಇತ್ತು. ಈಗ ತೀರ್ಪು ಬರಲು ಎರಡು ವರ್ಷ ಹಿಡಿದರೂ ಅರ್ಜಿಯ ದಿನದಿಂದಲೇ ಬಾಕಿ ಸೇರುತ್ತದೆ. ಹಾಗಾಗಿ ಎರಡು ವರ್ಷ ಪಂಚಾಯಿತಿಕೆಗೆ ಕಾದು ಆಮೇಲೆ ಅರ್ಜಿ ಹಾಕಿದವಳಿಗೆ ಆ ಎರಡು ವರ್ಷ ಹೋದಂತೆಯೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: ಕೋರ್ಟಿಗೆ ಹೋದರೆ ಡೈವೋರ್ಸೇ ಎಂದು. ಜೀವನಾಂಶದ ಅರ್ಜಿ ವಿಚ್ಛೇದನದ ಅರ್ಜಿ ಅಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಹಾಕುವ ಅರ್ಜಿಯಲ್ಲಿ ಮದುವೆಯನ್ನು ಮುರಿದುಕೊಡಿ ಎಂದು ಯಾರೂ ಕೇಳುವುದಿಲ್ಲ, ಕೇಳಲು ಅವಕಾಶವೂ ಇಲ್ಲ. ಇದು ವಕೀಲರ ಬಾಯಲ್ಲಿ ಇಂದಿಗೂ ‘ಒನ್ ಟ್ವೆಂಟಿ ಫೈವ್’. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144 ಆಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಇದಕ್ಕಿಲ್ಲ. ಹೆಂಡತಿ ತಾನು ಈಗ ಇರುವ ಊರಿಗೆ ಸೇರಿದ ನ್ಯಾಯಾಲಯದಲ್ಲೇ ಹಾಕಬಹುದು. ಗಂಡ ಮಲ್ಪೆಯಲ್ಲಿದ್ದರೂ, ಮುಂಬೈಯ ಹೋಟೆಲಿನಲ್ಲಿದ್ದರೂ, ಕುವೈತಿನಲ್ಲಿದ್ದರೂ ಅವಳು ಅಲ್ಲಿಗೆ ಅಲೆಯಬೇಕಾಗಿಲ್ಲ. ಮಧ್ಯಂತರ ಜೀವನಾಂಶದ ಕೋರಿಕೆಯನ್ನು, ಎದುರಿನವರಿಗೆ ನೋಟಿಸು ಮುಟ್ಟಿದ 60 ದಿನಗಳ ಒಳಗೆ ಸಾಧ್ಯವಾದಷ್ಟೂ ಇತ್ಯರ್ಥ ಮಾಡಬೇಕು ಎಂದು ಕಲಮಿನಲ್ಲೇ ಬರೆದಿದೆ. ಮಾತುಕತೆ ನಡೆಯುತ್ತಿರಲಿ, ಅರ್ಜಿಯೂ ಇರಲಿ. ಸಂಸಾರ ಮತ್ತೆ ಸರಿಹೋದರೆ ಅರ್ಜಿ ವಾಪಸು ಪಡೆಯುವುದು ಒಂದು ಮೆಮೊದ ಕೆಲಸ.

ಪಾಲಿನ ದುಡ್ಡಿಗೆ ಪೇ ಸ್ಲಿಪ್ ಇಲ್ಲ

ಜೀವನಾಂಶ ಎಷ್ಟು ಎಂಬ ಪ್ರಶ್ನೆ ಬಂದಾಗ ಗಂಗೊಳ್ಳಿಯ ಕಷ್ಟ ಬೆಂಗಳೂರಿನ ಕಷ್ಟಕ್ಕಿಂತ ಬೇರೆ. ಬೆಂಗಳೂರಿನಲ್ಲಿ ಸಂಬಳದ ಚೀಟಿ ಇರುತ್ತದೆ, ಆದಾಯ ತೆರಿಗೆಯ ವಿವರ ಇರುತ್ತದೆ. ಇಲ್ಲಿ ಬೋಟು ದಡಕ್ಕೆ ಬಂದು ಮೀನು ಹರಾಜಾದ ಮೇಲೆ ಡೀಸೆಲ್, ಐಸು, ರೇಷನ್ನಿನ ಖರ್ಚು ಕಳೆದು, ಉಳಿದದ್ದರಲ್ಲಿ ಬೋಟಿಗೆ, ಬಲೆಗೆ, ಬೋಟು ನಡೆಸುವ ತಂಡೇಲನಿಗೆ, ಅದರಲ್ಲಿ ದುಡಿಯುವ ಕಲಾಸಿಗಳಿಗೆ ಎಂದು ಪಾಲಾಗುತ್ತದೆ. ಒಂದು ಸಲ ಬಂಗುಡೆ ಸಿಕ್ಕಿ ಕೈತುಂಬ ಬಂದರೆ ಮುಂದಿನ ಸಲ ಡೀಸೆಲ್ಲಿನ ಕಾಸೂ ಹುಟ್ಟುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅಷ್ಟು ದಿನ ಪಾಲೇ ಇಲ್ಲ. ಈ ಎರಡು ತಿಂಗಳನ್ನು ತೋರಿಸಿ ‘ನನ್ನ ಕಕ್ಷಿದಾರನಿಗೆ ಸ್ಥಿರ ಆದಾಯವಿಲ್ಲ’ ಎಂದು ವಾದಿಸುವುದು ಸುಲಭ. ವಾದದಲ್ಲಿ ಸುಳ್ಳೂ ಇಲ್ಲ. ಆದರೆ ಸ್ಥಿರ ಆದಾಯ ಇಲ್ಲ ಎನ್ನುವುದೂ ಆದಾಯವೇ ಇಲ್ಲ ಎನ್ನುವುದೂ ಬೇರೆ ಬೇರೆ. ದುಡಿಯುವ ಶಕ್ತಿಯಿರುವ ಗಂಡ ಹೆಂಡತಿ ಮಕ್ಕಳನ್ನು ಸಾಕಲು ದೈಹಿಕ ಶ್ರಮ ಮಾಡಿಯಾದರೂ ಸಂಪಾದಿಸಬೇಕು, ಕೈ ಖಾಲಿ ಎಂದು ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ರಜನೇಶ್–ನೇಹಾ ತೀರ್ಪಿನ ಇನ್ನೊಂದು ದೊಡ್ಡ ಕೊಡುಗೆ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚು, ಅವಲಂಬಿತರು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬರೆದು ಕೊಡಬೇಕು. ತೀರ್ಪಿಗೆ ಲಗತ್ತಿಸಿದ ನಮೂನೆಗಳಲ್ಲಿ ಕೃಷಿಕರಲ್ಲದವರಿಗೊಂದು, ಕೃಷಿಕರಿಗೊಂದು, ಮೇಘಾಲಯಕ್ಕೊಂದು ಇವೆ. ಕೃಷಿಕರ ನಮೂನೆಯಲ್ಲಿ ಮೀನುಗಾರಿಕೆಯ ಹೆಸರು ದನ, ಕೋಳಿ, ಜೇನುಸಾಕಣೆಯ ಸಾಲಿನಲ್ಲಿ ಬರುತ್ತದೆ; ಕಡಲಿನ ದುಡಿಮೆಗೆ, ಪಾಲಿಗೆ ಪ್ರತ್ಯೇಕ ಜಾಗವಿಲ್ಲ. ಆದ್ದರಿಂದ ಕರಾವಳಿಯ ಅರ್ಜಿದಾರಳ ವಕೀಲರು ಆ ಜಾಗವನ್ನು ತಾವೇ ಮಾಡಿಕೊಳ್ಳಬೇಕು. ಬೋಟು ಅಥವಾ ದೋಣಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಒಬ್ಬನದೋ, ಅಣ್ಣತಮ್ಮಂದಿರ ಪಾಲುದಾರಿಕೆಯೋ? ಕರರಹಿತ ಡೀಸೆಲ್ ಎಷ್ಟು ಎತ್ತಲಾಗಿದೆ? ನಾಡದೋಣಿಯಾದರೆ ಸೀಮೆಎಣ್ಣೆಯ ಪರ್ಮಿಟ್ ಯಾರದು? ಮೀನುಗಾರರ ಸಹಕಾರಿ ಸಂಘದಲ್ಲಿ ಸದಸ್ಯತ್ವ, ಷೇರು, ಸಾಲ ಇದೆಯೇ? ನಿಷೇಧದ ತಿಂಗಳುಗಳಿಗೆಂದು ಸರ್ಕಾರ ನಡೆಸುವ ಉಳಿತಾಯ ಮತ್ತು ಪರಿಹಾರ ಯೋಜನೆಯ ಹಣ ಯಾವ ಖಾತೆಗೆ ಬೀಳುತ್ತದೆ? ಇವೆಲ್ಲ ಕಾಗದದಲ್ಲಿರುವ ಸಂಗತಿಗಳು. ಗಂಡ ಮುಚ್ಚಿಟ್ಟರೆ ಮೀನುಗಾರಿಕೆ ಇಲಾಖೆಯಿಂದ, ಸಂಘದಿಂದ ದಾಖಲೆ ತರಿಸಿಕೊಡಿ ಎಂದು ನ್ಯಾಯಾಲಯವನ್ನು ಕೇಳಬಹುದು. ಅಫಿಡವಿಟ್ಟಿನಲ್ಲಿ ಸುಳ್ಳು ಬರೆದವರ ಮೇಲೆ ಕ್ರಮ ಕೈಗೊಳ್ಳಲೂ ದಾರಿಯಿದೆ.

ಸಂಘದ ಸಾಲದ ಜತೆಯಲ್ಲೇ ನೋಡಬೇಕಾದ್ದು ಅಡವಿನ ಚೀಟಿ. ಆಗಸ್ಟಿನಲ್ಲಿ ಬೋಟು ಇಳಿಸುವ ಮುಂಚೆ ಇಂಜಿನ್ ರಿಪೇರಿ, ಬಲೆ, ಪೇಂಟು ಎಂದು ಒಮ್ಮೆಲೇ ದುಡ್ಡು ಬೇಕು. ಆ ದುಡ್ಡು ಎಷ್ಟೋ ಮನೆಗಳಲ್ಲಿ ಹೆಂಡತಿಯ ಕೊರಳಿನಿಂದ, ಕೈಯಿಂದ ಬರುತ್ತದೆ. ತಾಯಿಮನೆಯವರು ಹಾಕಿದ ಬಳೆ, ಸರ ಸೊಸೈಟಿಯ ತಿಜೋರಿಯಲ್ಲಿ, ಚೀಟಿ ಗಂಡನ ಹೆಸರಿನಲ್ಲಿ. ಸಂಸಾರ ಒಡೆದಾಗ ‘ಅದು ಮನೆಯ ಖರ್ಚಿಗೆ ಹೋಯಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಅದನ್ನೋ ಅದರ ಬೆಲೆಯನ್ನೋ ಹಿಂತಿರುಗಿಸುವ ಹೊಣೆ ಅವನದೇ ಎಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮದುವೆಯ ಫೋಟೋದಲ್ಲಿ ಕೊರಳಲ್ಲಿ ಕಾಣುವ ಸರ, ಚಿನ್ನದಂಗಡಿಯ ಬಿಲ್ಲು, ಅಡವಿನ ಚೀಟಿಯ ಒಂದು ಮೊಬೈಲ್ ಫೋಟೋ, ಇವಿಷ್ಟು ಕೈಯಲ್ಲಿದ್ದರೆ ವಾದಕ್ಕೆ ನೆಲೆ ಸಿಗುತ್ತದೆ.

‘ಅವಳೇ ಮೀನು ಮಾರುತ್ತಾಳಲ್ಲ, ಅವಳಿಗೇಕೆ ಜೀವನಾಂಶ?’ ಎಂಬುದು ಇನ್ನೊಂದು ವಾದ. ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ದುಡಿಮೆ ಜೀವನಾಂಶದ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಹೆಂಡತಿ ಪೂರ್ತಿ ನಿರ್ಗತಿಕಳಾಗಿರಬೇಕೆಂದು ಕಾನೂನು ಕೇಳುವುದಿಲ್ಲ. ಗಂಡನ ಮನೆಯಲ್ಲಿ ಬದುಕಿದ ಮಟ್ಟದಲ್ಲಿ ಬದುಕಲು ಅವಳ ಸಂಪಾದನೆ ಸಾಕೇ ಎಂಬುದು ಪ್ರಶ್ನೆ. ಅವಳ ಸಂಪಾದನೆ ಮೊತ್ತವನ್ನು ನಿಗದಿ ಮಾಡುವಾಗ ಲೆಕ್ಕಕ್ಕೆ ಬರುತ್ತದೆ, ಅಷ್ಟೆ. ಗಂಡಸಿನ ಕಡೆಗೂ ನ್ಯಾಯವಿದೆ. ಬೋಟು ಮುಳುಗಿದರೆ, ಕಾಯಿಲೆ ಬಿದ್ದರೆ, ನಿಜವಾಗಿ ದುಡಿಮೆ ಕುಸಿದರೆ ಮೊತ್ತ ಇಳಿಸಿಕೊಡಿ ಎಂದು 146ನೇ ಕಲಮಿನಡಿ ಕೇಳಬಹುದು. ಕೇಳದೆ ಸುಮ್ಮನೆ ಕೊಡುವುದನ್ನು ನಿಲ್ಲಿಸಿದರೆ ಬಾಕಿ ಬೆಳೆದು ವಾರಂಟು ಬರುತ್ತದೆ, ಜೈಲಿಗೂ ಹೋಗಬೇಕಾಗಬಹುದು.

ಛಾಪಾ ಕಾಗದದ ಬಿಡುಗಡೆ

ಮಾತುಕತೆ ಮುರಿದುಬಿದ್ದಾಗ ಕೊನೆಗೆ ಒಂದು ಛಾಪಾ ಕಾಗದ ಬರುತ್ತದೆ. ‘ನಾವಿಬ್ಬರೂ ಒಪ್ಪಿ ಬೇರೆಯಾಗಿರುತ್ತೇವೆ, ಇನ್ನು ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲ’ ಎಂದು ಬರೆಸಿ, ನೋಟರಿಯ ಸೀಲು ಹಾಕಿಸಿ, ಒಂದಿಷ್ಟು ಹಣ ಕೈಗಿಡುತ್ತಾರೆ. ಹೆಣ್ಣಿನ ಕಡೆಯವರು ಇದನ್ನು ಡೈವೋರ್ಸ್ ಎಂದೇ ನಂಬಿ ಮನೆಗೆ ಹೋಗುತ್ತಾರೆ. ಈ ಕಾಗದ ಮದುವೆಯನ್ನು ಮುರಿಯುವುದಿಲ್ಲ. ಇದನ್ನು ನಂಬಿ ಎರಡನೇ ಮದುವೆಯಾದರೆ ಅದು ದ್ವಿಪತ್ನಿತ್ವದ ಅಥವಾ ದ್ವಿಪತಿತ್ವದ ಅಪರಾಧವಾಗಬಹುದು. ಇನ್ನೂ ಒಂದು ಅಪಾಯ ಆ ಒಕ್ಕಣೆಯಲ್ಲೇ ಅಡಗಿದೆ. ಇಬ್ಬರೂ ಒಪ್ಪಿ ಬೇರೆ ಇರುವ ಹೆಂಡತಿಗೆ ಜೀವನಾಂಶದ ಹಕ್ಕಿಲ್ಲ ಎಂದು 144ನೇ ಕಲಮು ಹೇಳುತ್ತದೆ. ಹಿರಿಯರು ಸದುದ್ದೇಶದಿಂದ ಬರೆಸಿದ ಆ ಒಂದು ವಾಕ್ಯವೇ ಮುಂದೆ ನ್ಯಾಯಾಲಯದಲ್ಲಿ ಅವಳ ವಿರುದ್ಧ ಓದಲ್ಪಡುತ್ತದೆ. ಆದ್ದರಿಂದ ವಕೀಲರಿಗೆ ತೋರಿಸದೆ ಇಂಥ ಯಾವ ಕಾಗದಕ್ಕೂ ಸಹಿ ಹಾಕಬಾರದು ಎಂದು ನಾನು ಒತ್ತಿ ಹೇಳುತ್ತೇನೆ, ಮಧ್ಯೆ ನಿಂತವರು ಎಷ್ಟೇ ಬೇಕಾದವರಾಗಿದ್ದರೂ.

ಸಹಿ ಹಾಕಿಯಾಗಿದ್ದರೆ ಎಲ್ಲವೂ ಮುಗಿಯಿತೆಂದಲ್ಲ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೆಂಡತಿ ರಾಜಿಯಾಗಿ 8,000 ರೂಪಾಯಿ ಪಡೆದು, ಮುಂದೆ ಜೀವನಾಂಶ ಕೇಳುವುದಿಲ್ಲ ಎಂದು ಒಪ್ಪಿದ್ದಳು. ಆಮೇಲೆ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 18ನೇ ಕಲಮಿನಡಿ ದಾವೆ ಹೂಡಿದಳು. ಹಕ್ಕನ್ನೇ ಬಿಟ್ಟುಕೊಡುವ ಇಂಥ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ, ಅದು ಅವಳ ದಾವೆಗೆ ಅಡ್ಡಿಯಾಗದು ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 

ಇಬ್ಬರಿಗೂ ಬೇರೆಯಾಗುವುದೇ ಬೇಕಿದ್ದರೆ ನೇರ ದಾರಿ ಹಿಂದೂ ವಿವಾಹ ಕಾಯ್ದೆಯ 13ಬಿ, ಪರಸ್ಪರ ಒಪ್ಪಿಗೆಯ ವಿಚ್ಛೇದನ. ಒಂದು ವರ್ಷ ಬೇರೆ ಬೇರೆ ಇದ್ದು ಜಂಟಿ ಅರ್ಜಿ ಹಾಕಬೇಕು. ಆಮೇಲೆ ಆರು ತಿಂಗಳ ಕಾಲಾವಕಾಶ. ಸಂಬಂಧ ಕೂಡಿಬರುವ ಆಸೆಯೇ ಇಲ್ಲದಿದ್ದರೆ, ಜೀವನಾಂಶ, ಮಕ್ಕಳ ವಿಷಯ ಎಲ್ಲ ತೀರ್ಮಾನವಾಗಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರ ತೀರ್ಪು ಹೇಳುತ್ತದೆ. ಹೊರದೇಶದಲ್ಲಿರುವವರು ವಿಡಿಯೋ ಕಾನ್ಫರೆನ್ಸಿನಲ್ಲಿ ಹಾಜರಾಗಲು ಕೇಳಿಕೊಳ್ಳುವುದಕ್ಕೂ ಅದೇ ತೀರ್ಪಿನಲ್ಲಿ ಅವಕಾಶವಿದೆ. ಗಲ್ಫಿನಲ್ಲಿ ದುಡಿಯುವವರೇ ತುಂಬಿರುವ ನಮ್ಮ ಕಡೆ ಇದು ದೊಡ್ಡ ಅನುಕೂಲ.

ಗಂಗೊಳ್ಳಿ ಒಂದೇ ಧರ್ಮದ ಊರಲ್ಲ, ಹಾಗಾಗಿ ಉಳಿದವನ್ನೂ ಹೇಳಬೇಕು. ಮುಸ್ಲಿಂ ಹೆಂಡತಿ ಗಂಡನ ಕ್ರೌರ್ಯ, ಎರಡು ವರ್ಷ ಜೀವನಾಂಶ ಕೊಡದಿರುವುದು ಮುಂತಾದ ಕಾರಣಗಳಿಗೆ 1939ರ ಕಾಯ್ದೆಯಡಿ ನ್ಯಾಯಾಲಯದಲ್ಲಿ ಬಿಡುಗಡೆ ಕೇಳಬಹುದು. ಒಂದೇ ಉಸಿರಿನ ಮೂರು ತಲಾಖ್ 2019ರ ಕಾಯ್ದೆಯಂತೆ ಅಸಿಂಧು, ಅಪರಾಧ ಕೂಡ. ವಾಟ್ಸ್ಯಾಪಿನಲ್ಲಿ ಬರೆದು ಕಳಿಸಿದರೂ ಅಷ್ಟೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂದು 2024ರ ಜುಲೈ 10ರ ತೀರ್ಪು, 1985ರ ಶಾ ಬಾನೊ ಪ್ರಕರಣದಿಂದ ಎಳೆದುಕೊಂಡು ಬಂದ ವಾದಕ್ಕೆ ತೆರೆ ಎಳೆದಿದೆ. ಕ್ರೈಸ್ತರಲ್ಲಿ ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ರದ್ದುಪಡಿಸಿದರೆ ಅದು ಧರ್ಮದ ಮಟ್ಟಿಗೆ ಮಾತ್ರ. ಅದಕ್ಕೆ ಕಾನೂನಿನ ಮಾನ್ಯತೆ ಕೊಡಿ ಎಂದು ಮಂಗಳೂರಿನ ವಕೀಲ ಕ್ಲಾರೆನ್ಸ್ ಪೈಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಆ ಅರ್ಜಿ ವಜಾ ಆಯಿತು. ಮತ್ತೆ ಮದುವೆಯಾಗಬೇಕಿದ್ದರೆ ನ್ಯಾಯಾಲಯದ ಡಿಕ್ರಿ ಬೇಕೇ ಬೇಕು.

ಮಗು ಯಾರ ಮನೆಯದು

ಈ ಪ್ರಶ್ನೆಗೆ ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ ಕೇಳುವ ಮುಂಚೆಯೇ ಉತ್ತರವಿತ್ತು. ಅಳಿಯಸಂತಾನ ಕಟ್ಟಿನ ಬಂಟರು, ಬಿಲ್ಲವರು, ಮೊಗವೀರರಲ್ಲಿ ಮಗು ತಾಯಿಯ ಕುಟುಂಬದ್ದು, ತಾಯಿಯ ‘ಬಳಿ’ಯದ್ದು, ಅಂದರೆ ಅವಳ ವಂಶದ್ದು. ಗಂಡ ಹೆಂಡಿರು ಬೇರೆಯಾದರೆ ಮಗು ಎಲ್ಲಿಗೆ ಎಂಬ ಜಗಳವೇ ಏಳುತ್ತಿರಲಿಲ್ಲ. ಗಂಗೊಳ್ಳಿಯ ಕೊಂಕಣಿ ಮನೆಗಳಂಥ, ತಂದೆಯ ಕಡೆಯಿಂದ ವಂಶ ಎಣಿಸುವ ಮಕ್ಕಳಸಂತಾನದವರಲ್ಲಿ ಕಥೆ ಬೇರೆ. ಆದರೆ ಅಳಿಯಸಂತಾನದ ಹೆಣ್ಣಿಗೆ ಆ ಕಾಲ ಪೂರ್ತಿ ಸುಖದ್ದಾಗಿತ್ತೆಂದು ನಾನು ಹೇಳಲಾರೆ. ಕುಂದಾಪುರ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬ್ರಿಟಿಷರ ಕಾಲದಲ್ಲಿ ನ್ಯಾಯಾಲಯಗಳು ಆ ಕಟ್ಟಿನ ದಾಂಪತ್ಯವನ್ನು ಕಾನೂನುಬದ್ಧ ಮದುವೆಯೆಂದು ಒಪ್ಪಲು ಹಿಂಜರಿದವು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಆ ಮದುವೆಗೂ ಅದರ ವಿಸರ್ಜನೆಗೂ ಜೀವನಾಂಶಕ್ಕೂ ಮಕ್ಕಳ ಪಾಲನೆಗೂ ಶಾಸನದ ನೆಲೆ ಸಿಕ್ಕಿತು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು, ರೂಢಿಯಿಂದಲೋ ವಿಶೇಷ ಕಾಯ್ದೆಯಿಂದಲೋ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿದೆ. ಹಾಗೆಂದು ‘ನಮ್ಮಲ್ಲಿ ಹೀಗೇ ಪದ್ಧತಿ’ ಎಂದು ಬಾಯಲ್ಲಿ ಹೇಳಿದರೆ ಸಾಲದು. ರೂಢಿಯನ್ನು ಸಾಕ್ಷ್ಯ ಸಮೇತ ರುಜುವಾತು ಮಾಡಬೇಕು.

ಇಂದಿನ ಹಿಂದೂ ಕಾನೂನಿನ ಕಾಗದದಲ್ಲಿ ಮಗುವಿನ ಸಹಜ ಪಾಲಕ ಮೊದಲು ತಂದೆ, ‘ಆತನ ನಂತರ’ ತಾಯಿ. ತಾಯಿಯ ಮನೆಯಲ್ಲೇ ವಂಶ ಎಣಿಸಿದ ನೆಲದಲ್ಲಿ ಈ ವಾಕ್ಯ ಅಪರಿಚಿತವೆನಿಸುತ್ತದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಪರವಾಗಿ ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿದಾಗ ತಂದೆಯ ಸಹಿ ಕೇಳಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. ‘ನಂತರ’ ಎಂದರೆ ತಂದೆ ತೀರಿಹೋದ ಮೇಲೆ ಎಂದು ಮಾತ್ರವಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ತಾಯಿಯೇ ಪಾಲಕಿ ಎಂದು 1999ರ ಫೆಬ್ರವರಿ 17ರಂದು ತೀರ್ಪು ಬಂತು. ಮಗು ಯಾರ ಹತ್ತಿರ ಇರಬೇಕೆಂಬ ವಿಷಯದಲ್ಲಂತೂ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ. ಆಮೇಲೆ ಮಗುವಿನ ಹಿತವೇ ಮುಖ್ಯ. ಬುದ್ಧಿ ಬಲಿತ ಮಗುವಾದರೆ ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿ ಅದರ ಮನಸ್ಸನ್ನು ಕೇಳಬಹುದು. ತಂದೆ ಹೆಚ್ಚು ದುಡಿಯುತ್ತಾನೆಂಬ ಒಂದೇ ಕಾರಣಕ್ಕೆ ಮಗು ಅವನ ಪಾಲಾಗುವುದಿಲ್ಲ. ಅವನು ಜೀವನಾಂಶ ಕೊಡುತ್ತಿಲ್ಲ ಎಂಬ ಕಾರಣಕ್ಕೆ ಮಗುವನ್ನು ನೋಡಬಿಡುವುದಿಲ್ಲ ಎನ್ನುವುದೂ ಸಲ್ಲದು.

ನೋಡುವ ದಿನಗಳ ವಿಷಯದಲ್ಲಿ ಮೀನುಗಾರರ ಮನೆಗಳಿಗೆ ಸಿದ್ಧ ಮಾದರಿ ಹೊಂದುವುದಿಲ್ಲ. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಎಂದು ಬರೆದರೆ, ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ವಾರಗಟ್ಟಲೆ ಇರುವ ತಂದೆ ಆ ಶನಿವಾರ ಗೋವಾದ ಕಡೆಯಲ್ಲಿರುತ್ತಾನೆ. ಬರಲಿಲ್ಲ ಎಂದು ದಾಖಲಾಗುತ್ತದೆ, ಮಗು ಕಾದು ಕೂತು ಮನೆಗೆ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಅರ್ಧ ತಂದೆಗೆ ಎಂಬುದೂ ಹೀಗೆಯೇ: ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ತಂದೆಗೆ ಕಡಲು, ಜೂನ್, ಜುಲೈಯಲ್ಲಿ ತಂದೆ ಮನೆಯಲ್ಲಿ, ಮಗು ಶಾಲೆಯಲ್ಲಿ. ಆದ್ದರಿಂದ ರಾಜಿ ಬರೆಯುವಾಗಲೇ ನಿಷೇಧದ ಎರಡು ತಿಂಗಳಲ್ಲಿ ಪ್ರತಿ ಭಾನುವಾರ, ದಸರಾ ರಜೆಯಲ್ಲಿ ಮೂರು ದಿನ, ಉಳಿದಂತೆ ಬೋಟು ದಡಕ್ಕೆ ಬಂದ ಮರುದಿನ ಸಂಜೆ ಎಂದು ಕಡಲಿನ ಕಾಲಕ್ಕೆ ಹೊಂದಿಸಿ ಬರೆಸಿಕೊಳ್ಳಬೇಕು. ಇಬ್ಬರೂ ಒಪ್ಪಿ ತಂದ ಇಂಥ ಏರ್ಪಾಡು ಮಗುವಿನ ಹಿತಕ್ಕೆ ಒಗ್ಗುವಂತಿದ್ದರೆ ನ್ಯಾಯಾಲಯ ಅದನ್ನು ಆದೇಶದಲ್ಲಿ ಸೇರಿಸುತ್ತದೆ. ವಿದೇಶದಲ್ಲಿರುವ ತಂದೆಗೆ ವಿಡಿಯೋ ಕರೆಯ ಮೂಲಕ ಮಗುವಿನೊಡನೆ ಮಾತಾಡುವ ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ವಕೀಲರೂ ಮಧ್ಯಸ್ಥರೂ ಇಲ್ಲಿ ಇನ್ನಷ್ಟು ತಾಳ್ಮೆ ತೋರಿಸಬೇಕು ಎಂಬುದು ನನ್ನ ಬೇಡಿಕೆ. ನಷ್ಟವಾಗುವುದು ಮಗುವಿಗೆ.

ಹೊಡೆತ ಬಡಿತ ಇರುವ ಮನೆಯಾದರೆ ಕಾಯುವ ಮಾತೇ ಬೇಡ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆಯ ಆದೇಶ, ಮನೆಯಲ್ಲಿ ಉಳಿಯುವ ಹಕ್ಕು, ಹಣದ ಪರಿಹಾರ, ಮಗುವಿನ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಆ ಕಚೇರಿಯ ದಾರಿ ಗೊತ್ತಾಗುತ್ತದೆ. ಮಹಿಳಾ ಸಹಾಯವಾಣಿ 181, ಮಕ್ಕಳದ್ದು 1098.

ಇನ್ನು ಖರ್ಚಿನ ಭಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಗೂ ಮಗುವಿಗೂ, ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಒದಗಿಸಬೇಕು. ಗಂಗೊಳ್ಳಿಯ ದಡದಿಂದ ಕುಂದಾಪುರ ಹೊಳೆಯಾಚೆ ಕಾಣುವಷ್ಟು ಹತ್ತಿರ. ಬಸ್ಸಿನಲ್ಲಾದರೆ ಮುಳ್ಳಿಕಟ್ಟೆ, ಹೆಮ್ಮಾಡಿ, ತಲ್ಲೂರು ಸುತ್ತಿ ಹೋಗಬೇಕು. ಅಲ್ಲಿನ ನ್ಯಾಯಾಲಯದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಯಾವ ಅರ್ಜಿ ಕುಂದಾಪುರದಲ್ಲಿ, ಯಾವುದು ಉಡುಪಿಯಲ್ಲಿ ಎಂದು ಹೇಳುತ್ತಾರೆ. ಫೋನಿನಲ್ಲಾದರೆ 15100. ಹೋಗುವಾಗ ಆಧಾರ್, ಮದುವೆಯ ಫೋಟೋ ಅಥವಾ ಆಮಂತ್ರಣ ಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಫೀಸಿನ ರಸೀದಿ, ಔಷಧದ ಚೀಟಿಗಳು, ಗಂಡ ಹಣ ಕಳಿಸಿದ್ದನ್ನೋ ಕಳಿಸದ್ದನ್ನೋ ತೋರಿಸುವ ಬ್ಯಾಂಕ್ ಪಾಸ್‌ಬುಕ್, ಇವುಗಳ ಜೆರಾಕ್ಸ್ ಹಿಡಿದುಕೊಂಡು ಹೋದರೆ ಮತ್ತೊಂದು ಓಡಾಟ ತಪ್ಪುತ್ತದೆ. ಹೆಸರು ಇನ್ನೂ ಗಂಡನ ಮನೆಯ ರೇಷನ್ ಕಾರ್ಡಿನಲ್ಲೇ ಇದ್ದರೆ ಅದರ ಪ್ರತಿಯೂ ಇರಲಿ.

ಆದೇಶ ಕೈಗೆ ಬಂದ ಮೇಲೂ ಒಂದು ತಾರೀಖಿನ ಮೇಲೆ ಕಣ್ಣಿಡಬೇಕು. ಗಂಡ ಕೊಡದೆ ಬಾಕಿ ಉಳಿಸಿದರೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಹಾಕಬೇಕು. ಅದಕ್ಕಿಂತ ಹಳೆಯ ಬಾಕಿಗೆ 144ನೇ ಕಲಮಿನಡಿ ವಾರಂಟು ಹೊರಡಿಸಲು ಬರುವುದಿಲ್ಲ. ‘ಬೋಟು ಇಳಿದ ಮೇಲೆ ಒಟ್ಟಿಗೆ ಕೊಡುತ್ತೇನೆ’ ಎಂಬ ಮಾತಿಗೆ ಒಂದು ಸೀಸನ್ ಕಾದು ನೋಡಿ, ಮುಂದಿನ ಜೂನಿನ ಒಳಗೆ ಅರ್ಜಿ ಸಲ್ಲಿಸಿಬಿಡಿ.